ಝೀ ಝೀ ಟಾಪ್ ಕೇಳಲು ಯಾವ ಸಂಕಲನ ಕೊಳ್ಳಬೇಕು?

ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದ ಮೇಲೆ ರಾಕ್ ಕಟ್ಟಿದ ಟೆಕ್ಸಾಸ್‌ನ ತಂಡ ಝೀ ಝೀ ಟಾಪ್‌ನ ಜನಪ್ರಿಯ ಹಾಡುಗಳ ಸಂಕಲನಗಳು ಒಂದೆರಡಲ್ಲ. 1977ರಲ್ಲಿ ಒಂದು ಬಂತು, 1992ರಲ್ಲಿ ಇನ್ನೊಂದು, 1994ರಲ್ಲಿ ಮತ್ತೊಂದು. 2003ರಲ್ಲಿ ನಾಲ್ಕು ಸಿಡಿಗಳ ಪೆಟ್ಟಿಗೆ, ಮರುವರ್ಷ ಜೋಡಿ ಸಿಡಿ, 2019ರಲ್ಲಿ ತಂಡಕ್ಕೆ ಐವತ್ತು ತುಂಬಿದ ನೆಪದಲ್ಲಿ ಐವತ್ತು ಹಾಡುಗಳ ಕಂತೆ. ಹೆಸರುಗಳು ಒಂದನ್ನೊಂದು ಹೋಲುತ್ತವೆ, ಹಾಡುಗಳ ಪಟ್ಟಿಯೂ ಅರ್ಧಕ್ಕರ್ಧ ಒಂದೇ. ಹೊಸದಾಗಿ ಕೇಳಲು ಹೊರಟವರು ಯಾವುದಕ್ಕೆ ಕೈಹಾಕಬೇಕೆಂದು ತಿಳಿಯದೆ ನಿಲ್ಲುವುದು ಸಹಜ. ‘ಯಾವುದಾದರೇನು, ಹಾಡುಗಳು ಅವೇ ತಾನೆ’ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಈ ತಂಡದ ಮಟ್ಟಿಗೆ ಆ ಮಾತು ನಿಲ್ಲುವುದಿಲ್ಲ. ಒಂದೇ ಹಾಡು ಒಂದು ಸಿಡಿಯಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಬೇರೆಯೇ ಬಗೆಯಾಗಿ ಇರುವ ವಿಚಿತ್ರ ಚರಿತ್ರೆ ಇದರದ್ದು.

ಆಯ್ಕೆಗೆ ಕೈಹಾಕುವ ಮೊದಲು ಈ ಹಾಡುಗಳು ಐವತ್ತು ವರ್ಷ ಕಳೆದರೂ ಏಕೆ ಹಳತಾಗಿಲ್ಲ ಎಂಬುದನ್ನು ನೋಡಬೇಕು. ಯಾವ ಸಂಕಲನ ಒಳ್ಳೆಯದು ಎನ್ನುವುದು ಅದನ್ನೇ ಅವಲಂಬಿಸಿದೆ.

ಮೂವರು, ಮೂರು ವಾದ್ಯ

ತಂಡ ಹುಟ್ಟಿದ್ದು 1969ರಲ್ಲಿ, ಹ್ಯೂಸ್ಟನ್ ನಗರದಲ್ಲಿ. ಮರುವರ್ಷದ ಹೊತ್ತಿಗೆ ಗಿಟಾರ್‌ಗೆ ಬಿಲ್ಲಿ ಗಿಬ್ಬನ್ಸ್, ಬೇಸ್ ಗಿಟಾರ್‌ಗೆ ಡಸ್ಟಿ ಹಿಲ್, ಡ್ರಮ್ಸ್‌ಗೆ ಫ್ರಾಂಕ್ ಬಿಯರ್ಡ್ ಒಟ್ಟಾದರು. 2021ರ ಜುಲೈನಲ್ಲಿ ಹಿಲ್ ತೀರಿಕೊಳ್ಳುವವರೆಗೆ ಈ ಮೂವರಲ್ಲಿ ಒಬ್ಬರೂ ಬದಲಾಗಲಿಲ್ಲ. ರಾಕ್ ಸಂಗೀತದಲ್ಲಿ ಇಷ್ಟು ದೀರ್ಘವಾದ ಒಡನಾಟ ಅಪರೂಪ. ಅದರ ಫಲ ಹಾಡುಗಳಲ್ಲಿ ನೇರವಾಗಿ ಕೇಳಿಸುತ್ತದೆ: ಯಾರೂ ಯಾರ ಜಾಗಕ್ಕೂ ನುಗ್ಗುವುದಿಲ್ಲ.

1973ರ ‘ಲಾ ಗ್ರೇಂಜ್’ ಹಾಡನ್ನು ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಶುರುವಿನಲ್ಲಿ ಗಿಟಾರ್ ಒಂದು ಸಣ್ಣ ಸ್ವರಗುಚ್ಛವನ್ನು ದನಿ ತಗ್ಗಿಸಿ ಮತ್ತೆ ಮತ್ತೆ ನುಡಿಸುತ್ತದೆ. ಬಿಯರ್ಡ್ ಡ್ರಮ್‌ನ ಚರ್ಮಕ್ಕೆ ಹೊಡೆಯುವುದಿಲ್ಲ, ಅದರ ಅಂಚಿಗೆ ಮಾತ್ರ ಕೋಲು ತಾಗಿಸಿ ಟಕ್ಕು ಟಕ್ಕೆನಿಸುತ್ತಾರೆ. ಗಿಬ್ಬನ್ಸ್ ಹಾಡುವುದಕ್ಕಿಂತ ಹೆಚ್ಚಾಗಿ ಗೊಣಗುತ್ತಾರೆ. ಬೇಸ್ ಇನ್ನೂ ಬಂದಿಲ್ಲ. ಆಮೇಲೆ ಡ್ರಮ್ಸ್‌ನ ಒಂದು ಉರುಳಿಕೆ, ಮೂವರೂ ಒಟ್ಟಿಗೆ ಒಳಗೆ. ಇಲ್ಲಿನ ನಡೆ ನಮ್ಮ ಕಿವಿಗೆ ಹೊಸದೇನಲ್ಲ. ಅಮೆರಿಕದವರು ಷಫಲ್ ಎನ್ನುವ ಈ ನಡೆಯಲ್ಲಿ ಪ್ರತಿ ಏಟೂ ಮೂರಾಗಿ ಒಡೆಯುತ್ತದೆ. ತಿಶ್ರ ನಡೆಯಲ್ಲಿ ತನಿ ಆವರ್ತನ ಕೇಳಿ ಬೆಳೆದವರಿಗೆ ಮೊದಲ ಸಲಕ್ಕೇ ಕಾಲು ತಾಳ ಹಿಡಿಯುತ್ತದೆ. ಈ ನಡೆಯ ಮೂಲ ಇವರದ್ದಲ್ಲ. ಬ್ಲೂಸ್ ಗಾಯಕ ಜಾನ್ ಲೀ ಹೂಕರ್ 1948ರಲ್ಲಿ ಬರೀ ಗಿಟಾರ್ ಮತ್ತು ನೆಲಕ್ಕೆ ಬಡಿಯುವ ಕಾಲಿನ ಜೊತೆ ಧ್ವನಿಮುದ್ರಿಸಿದ ‘ಬೂಗಿ ಚಿಲ್ಲನ್’ನ ನೆರಳು ಇದರ ಮೇಲೆ ದಟ್ಟವಾಗಿದೆ. ಆ ಹಾಡಿನ ಹಕ್ಕುದಾರ ಸಂಸ್ಥೆ ಮೊಕದ್ದಮೆಯನ್ನೂ ಹೂಡಿತ್ತು. ಬ್ಲೂಸ್ ಇರುವುದೇ ಹೀಗೆ, ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಬಂದದ್ದು.

ಗಿಬ್ಬನ್ಸ್ ಅವರ ಗಿಟಾರ್ ಬಗ್ಗೆಯೂ ಒಂದು ಮಾತು. 1959ರ ಗಿಬ್ಸನ್ ಲೆಸ್ ಪಾಲ್ ಅದು, ಅವರು ಅದನ್ನು ‘ಪರ್ಲಿ ಗೇಟ್ಸ್’ ಎಂದು ಕರೆಯುತ್ತಾರೆ. ಆ ದಪ್ಪ ದನಿ ಕೇಳಿದವರು ತಂತಿಗಳೂ ದಪ್ಪ ಇರಬೇಕೆಂದು ಊಹಿಸುತ್ತಾರೆ. ನಿಜಸ್ಥಿತಿ ತಿರುವುಮುರುವು. ಭಾರದ ತಂತಿಯ ಜೊತೆ ಸುಮ್ಮನೆ ಏಕೆ ಗುದ್ದಾಡುತ್ತೀಯ ಎಂದು ಹಿರಿಯ ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ಕೇಳಿದ ಮೇಲೆ ಅವರು ತೆಳ್ಳನೆಯ ತಂತಿಗಳಿಗೆ ಬದಲಾದರು. ಅತಿ ಸಣ್ಣ ತಂತಿ ಇಂಚಿನ ಸಾವಿರದಲ್ಲಿ ಏಳು ಭಾಗದಷ್ಟು ಮಾತ್ರ. ದನಿಯ ತೂಕ ಬರುವುದು ಬೆರಳಿನಿಂದ, ಮತ್ತು ಸ್ವರಗಳ ನಡುವೆ ಅವರು ಬಿಡುವ ಜಾಗದಿಂದ.

ಈ ಜಾಗವೇ ಝೀ ಝೀ ಟಾಪ್‌ನ ಆಸ್ತಿ ಎಂದು ನಾನು ನಂಬುತ್ತೇನೆ. ಅದನ್ನು ಉಳಿಸಿಕೊಂಡ ಸಂಕಲನ ಒಳ್ಳೆಯದು, ಮುಚ್ಚಿಹಾಕಿದ್ದು ಕೆಟ್ಟದ್ದು.

ಅಳೆಯುವುದು ಹೇಗೆ

ಮೊದಲ ಮಾನದಂಡ ಮಿಕ್ಸ್, ಅಂದರೆ ಪ್ರತಿ ವಾದ್ಯದ ದನಿಯನ್ನು ಯಾವ ಪ್ರಮಾಣದಲ್ಲಿ ಕೂಡಿಸಿದ್ದಾರೆ ಎಂಬುದು. 1987ರಲ್ಲಿ ತಂಡದ ಹಳೆಯ ಆರು ಆಲ್ಬಂಗಳನ್ನು ‘ಸಿಕ್ಸ್‌ಪ್ಯಾಕ್’ ಎಂಬ ಹೆಸರಿನಲ್ಲಿ ಮೂರು ಸಿಡಿಗಳಿಗೆ ಇಳಿಸಿದರು. ಆಗ 80ರ ದಶಕದ ಮಾರುಕಟ್ಟೆಗೆ ಒಪ್ಪಲಿ ಎಂದು 70ರ ದಶಕದ ಹಾಡುಗಳನ್ನು ಹೊಸದಾಗಿ ಮಿಕ್ಸ್ ಮಾಡಿ, ಡ್ರಮ್ಸ್‌ಗೆ ದೊಡ್ಡ ಪ್ರತಿಧ್ವನಿ ತುಂಬಿದರು. ಹಳೆಯ ತೊಟ್ಟಿಮನೆಯ ಮರದ ಕಂಬಗಳಿಗೆ ಎನಾಮಲ್ ಬಣ್ಣ ಬಳಿದಂತಾಯಿತು. ಬಿಡಿಬಿಡಿಯಾಗಿ ಬಂದ ಸಿಡಿಗಳಲ್ಲೂ ಬಹುಕಾಲ ಇದೇ ಮಿಕ್ಸ್ ಚಲಾವಣೆಯಲ್ಲಿತ್ತು. ಮೂಲ ಮಿಕ್ಸ್‌ನ ‘ಟ್ರೆಸ್ ಓಂಬ್ರೆಸ್’ ಮತ್ತು ‘ಫಾಂಡಾಂಗೊ’ ಆಲ್ಬಂಗಳು ಸಿಡಿಯಲ್ಲಿ ಮರಳಿದ್ದು 2006ರಲ್ಲಿ. ಉಳಿದವುಗಳಿಗಾಗಿ 2013ರವರೆಗೆ ಕಾಯಬೇಕಾಯಿತು.

ನಿಮ್ಮ ಕೈಯಲ್ಲಿರುವುದು ಯಾವುದೆಂದು ತಿಳಿಯಲು ಪರಿಣತಿ ಏನೂ ಬೇಡ. ‘ಲಾ ಗ್ರೇಂಜ್’ನಲ್ಲಿ ಮೂವರೂ ಒಳಬರುವ ಕ್ಷಣವನ್ನು ಗಮನಿಸಿ. ಸ್ನೇರ್ ಡ್ರಮ್‌ನ ಏಟು ಒಣದಾಗಿ, ಹತ್ತಿರದಲ್ಲಿ, ಸಣ್ಣ ಕೋಣೆಯೊಳಗೆ ಬಾರಿಸಿದಂತೆ ಕೇಳಿದರೆ ಅದು ಮೂಲ. ಪ್ರತಿ ಏಟಿನ ಹಿಂದೆಯೂ ಖಾಲಿ ಗೋದಾಮಿನ ಮೊಳಗು ಅಟ್ಟಿಸಿಕೊಂಡು ಬಂದರೆ ಅದು 1987ರದ್ದು. ಹಳೆಯ ಸಿಡಿ ಮಾರುವ ಅಂಗಡಿಯಲ್ಲಿ ಕೊಳ್ಳುವ ಮುನ್ನ ಇದೊಂದನ್ನು ಕೇಳಿಸಿಕೊಂಡರೆ ಸಾಕು.

ಎರಡನೆಯದು, ತಂಡದ ಯಾವ ಮುಖ ನಿಮಗೆ ಬೇಕು ಎಂಬುದು. 1977ಕ್ಕೆ ಮೊದಲಿನವರು ಟೆಕ್ಸಾಸ್‌ನ ಧೂಳು ಮೆತ್ತಿಕೊಂಡ ಬ್ಲೂಸ್ ತಂಡ. ನಂತರದ ದೀರ್ಘ ವಿರಾಮದಲ್ಲಿ ಗಿಬ್ಬನ್ಸ್ ಮತ್ತು ಹಿಲ್ ಗಡ್ಡ ಬೆಳೆಸಿದರು. 1983ರ ‘ಎಲಿಮಿನೇಟರ್’ ಆಲ್ಬಂನಲ್ಲಿ ವಿದ್ಯುನ್ಮಾನದಿಂದ ಸ್ವರ ಹೊರಡಿಸುವ ಸಿಂಥಸೈಜರ್ ಮತ್ತು ಡ್ರಮ್ ಯಂತ್ರಗಳು ಬಂದವು, ಕೆಂಪು ಬಣ್ಣದ 1933ರ ಫೋರ್ಡ್ ಕಾರು ಬಂತು, ಸಂಗೀತದ ಟಿವಿ ವಾಹಿನಿ ಎಂಟಿವಿಯ ವಿಡಿಯೊಗಳು ಬಂದವು. ಆ ಆಲ್ಬಂನ ಒಂದು ಕೋಟಿ ಪ್ರತಿಗಳು ಅಮೆರಿಕದಲ್ಲೇ ಖರ್ಚಾದವು. ಈ ಎರಡೂ ಮುಖಗಳನ್ನು ಪ್ರೀತಿಸುವವರಿದ್ದಾರೆ, ಒಂದನ್ನು ಮಾತ್ರ ಒಪ್ಪುವವರೂ ಇದ್ದಾರೆ.

ಮೂರನೆಯದು ಹಾಡುಗಳ ಸಾಲು. ‘ವೇಟಿನ್ ಫಾರ್ ದ ಬಸ್’ ಮುಗಿಯುತ್ತಿದ್ದಂತೆ ಉಸಿರಿಗೂ ಬಿಡುವಿಲ್ಲದೆ ‘ಜೀಸಸ್ ಜಸ್ಟ್ ಲೆಫ್ಟ್ ಶಿಕಾಗೊ’ ಶುರುವಾಗಬೇಕು. ಅಮೆರಿಕದ ರೇಡಿಯೊಗಳು ಇವೆರಡನ್ನೂ ಜೋಡಿಯಾಗಿಯೇ ಹಾಕುತ್ತ ಬಂದಿವೆ. ಇವನ್ನು ಬೇರ್ಪಡಿಸಿದ ಸಂಕಲನ ನನ್ನ ಪಾಲಿಗೆ ಅರ್ಧ ಸೋತಂತೆ. ಕೊನೆಯದು ಹಣ, ಅದು ಎಲ್ಲರಿಗೂ ಗೊತ್ತಿರುವಂಥದ್ದೇ.

1977ರ ಹತ್ತು ಹಾಡುಗಳು

‘ದ ಬೆಸ್ಟ್ ಆಫ್ ಝೀ ಝೀ ಟಾಪ್’ ಎಲ್ಲಕ್ಕಿಂತ ಚಿಕ್ಕದು. ಹತ್ತೇ ಹಾಡು, ಅರ್ಧ ಗಂಟೆಗಿಂತ ತುಸು ಹೆಚ್ಚು ಸಮಯ. ಅಷ್ಟರಲ್ಲಿ ಒಂದೂ ಸಪ್ಪೆ ಇಲ್ಲ. ಡಸ್ಟಿ ಹಿಲ್ ಗಂಟಲು ಬಿಚ್ಚಿ ಹಾಡುವ ‘ಟುಶ್’ನಿಂದ ಆರಂಭ. ಎರಡೂಕಾಲು ನಿಮಿಷದಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿ ಎದ್ದು ಹೋಗುವ ಹಾಡು ಅದು. 1975ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 20ನೇ ಸ್ಥಾನಕ್ಕೇರಿತು. ಅದರ ಬೆನ್ನಿಗೇ ಮೇಲೆ ಹೇಳಿದ ಜೋಡಿ ಹಾಡು, ಬೇರ್ಪಡದೆ.

‘ಬ್ಲೂ ಜೀನ್ ಬ್ಲೂಸ್’ ಇಲ್ಲಿನ ಮುತ್ತು. ನಿಧಾನಗತಿ, ವಿಷಾದದ ಸ್ವರಗಳು, ಗಿಬ್ಬನ್ಸ್ ಒಂದು ಸ್ವರ ಹಿಡಿದು ಅದು ತಾನಾಗಿ ಆರುವವರೆಗೆ ಮುಂದಿನದನ್ನು ಮುಟ್ಟದೆ ಕಾಯುತ್ತಾರೆ. ಅವಸರದ ಗಿಟಾರ್ ಮಾತ್ರ ಕೇಳಿ ಗೊತ್ತಿರುವ ಹುಡುಗರು ಇದನ್ನು ಕೇಳಲೇಬೇಕು. ಕೊನೆಯ ಹಾಡು ‘ಹರ್ಡ್ ಇಟ್ ಆನ್ ದಿ ಎಕ್ಸ್’ ತಂಡದ ಕುಲಮೂಲ ಹೇಳುತ್ತದೆ. ಮೆಕ್ಸಿಕೊದ ಗಡಿಯಂಚಿನ ರೇಡಿಯೊ ಕೇಂದ್ರಗಳ ಸಂಕೇತನಾಮ ಎಕ್ಸ್ ಅಕ್ಷರದಿಂದ ಶುರುವಾಗುತ್ತಿತ್ತು. ಅಮೆರಿಕದ ಕಾನೂನು 50,000 ವಾಟ್‌ಗೆ ಮಿತಿ ಹಾಕಿದ್ದರೆ, ಗಡಿಯಾಚೆಯ ಈ ಕೇಂದ್ರಗಳು ಅದರ ಹಲವು ಪಟ್ಟು ಬಲದಿಂದ ಬ್ಲೂಸ್ ಹಾಡುಗಳನ್ನು ಬಿತ್ತರಿಸುತ್ತಿದ್ದವು. ಟೆಕ್ಸಾಸ್‌ನ ಒಂದು ತಲೆಮಾರಿನ ಬಿಳಿಯ ಹುಡುಗರು ಕಪ್ಪು ಜನರ ಸಂಗೀತವನ್ನು ಮೊದಲು ಕೇಳಿದ್ದು ಹಾಗೆ. ಗಿಬ್ಬನ್ಸ್ ಮತ್ತು ಹಿಲ್ ಸರದಿಯಲ್ಲಿ ಹಾಡುವ ಈ ಹಾಡು ಆ ಋಣದ ಸ್ಮರಣೆ.

ಮಿಕ್ಸ್ ವಿಷಯದಲ್ಲೂ ಇದಕ್ಕೆ ಪೂರ್ಣ ಅಂಕ. ಆಲ್ಬಂಗಳ ಸಿಡಿಗಳೆಲ್ಲ ಹೊಸ ಮಿಕ್ಸ್‌ನಲ್ಲಿ ಮುಳುಗಿದ್ದ ಕಾಲದಲ್ಲೂ ಈ ಸಂಕಲನ ಮೂಲವನ್ನೇ ಉಳಿಸಿಕೊಂಡಿತ್ತು. ಕೊರತೆ ಏನೆಂದರೆ, ಇದರ ಲೋಕ 1975ಕ್ಕೇ ನಿಂತಿದೆ. ‘ಶಾರ್ಪ್ ಡ್ರೆಸ್ಡ್ ಮ್ಯಾನ್’ ಕೇಳಿ ಮನಸೋತು ಬಂದವರಿಗೆ ಅದು ಇಲ್ಲಿ ಸಿಗುವುದಿಲ್ಲ, ‘ಚೀಪ್ ಸನ್‌ಗ್ಲಾಸಸ್’ ಕೂಡ ಇಲ್ಲ.

1992ರ ‘ಗ್ರೇಟೆಸ್ಟ್ ಹಿಟ್ಸ್’

ಹೆಚ್ಚು ಜನರ ಮನೆಯಲ್ಲಿರುವುದು ಇದೇ ಇರಬಹುದು. ಹದಿನೆಂಟು ಹಾಡು. ‘ಗಿಮ್ಮಿ ಆಲ್ ಯುವರ್ ಲವಿನ್’, ‘ಶಾರ್ಪ್ ಡ್ರೆಸ್ಡ್ ಮ್ಯಾನ್’, ‘ಲೆಗ್ಸ್’, ‘ರಫ್ ಬಾಯ್’ ಎಲ್ಲವೂ ಇವೆ, ಎಲ್ವಿಸ್ ಪ್ರೀಸ್ಲಿಯ ‘ವಿವಾ ಲಾಸ್ ವೇಗಸ್’ನ ಹೊಸ ಆವೃತ್ತಿಯೂ ಇದೆ. ‘ಲೆಗ್ಸ್’ನ ವಿಡಿಯೊ 1984ರಲ್ಲಿ ಎಂಟಿವಿಯ ಮೊಟ್ಟಮೊದಲ ಪ್ರಶಸ್ತಿ ಸಮಾರಂಭದಲ್ಲಿ ತಂಡಗಳ ವಿಭಾಗದ ಬಹುಮಾನ ಗೆದ್ದಿತ್ತು. ಆ ದಶಕದ ಹೊಳಪು ಬೇಕೆನ್ನುವವರಿಗೆ, ಮನೆಯಲ್ಲಿ ನಾಲ್ಕು ಜನ ಸೇರಿದಾಗ ಹಾಕಲು, ದೂರದ ಕಾರು ಪ್ರಯಾಣಕ್ಕೆ ಇದು ಹೇಳಿಮಾಡಿಸಿದ್ದು. ಯಂತ್ರದ ತಾಳವಿದ್ದರೂ ಗಿಬ್ಬನ್ಸ್ ಅವರ ಗಿಟಾರ್ ಮಾತ್ರ ಅಪ್ಪಟ ಬ್ಲೂಸ್ ಆಗಿಯೇ ಉಳಿದಿದೆ. ‘ಶಾರ್ಪ್ ಡ್ರೆಸ್ಡ್ ಮ್ಯಾನ್’ನ ಗಿಟಾರ್ ಭಾಗಗಳನ್ನು ಮಾತ್ರ ಕಿವಿಯಲ್ಲಿ ಬಿಡಿಸಿಕೊಂಡು ಕೇಳಿದರೆ ಇದು ಗೊತ್ತಾಗುತ್ತದೆ.

ಆದರೂ ಹೊಸಬರ ಕೈಗೆ ಇದೊಂದನ್ನೇ ಕೊಡಲು ನನಗೆ ಮನಸ್ಸಿಲ್ಲ. ತಂಡದ ಮೊದಲ ಐದು ಆಲ್ಬಂಗಳಿಂದ ಇಲ್ಲಿ ಎರಡೇ ಹಾಡುಗಳಿವೆ, ‘ಲಾ ಗ್ರೇಂಜ್’ ಮತ್ತು ‘ಟುಶ್’. ಬಸ್ಸಿನ ಹಾಡೂ ಇಲ್ಲ, ಶಿಕಾಗೊ ಹಾಡೂ ಇಲ್ಲ. ವರ್ಷಗಳ ಕ್ರಮವನ್ನೂ ಪಾಲಿಸಿಲ್ಲ, ಹಾಗಾಗಿ ಈ ಮೂವರು ಎಲ್ಲಿಂದ ಎಲ್ಲಿಗೆ ಬಂದರು ಎಂಬುದು ತಿಳಿಯುವುದಿಲ್ಲ. ಬ್ಲೂಸ್‌ಗಾಗಿ ಬಂದವರು ಇದನ್ನು ಕೇಳಿ, ಇದೇನು ನೃತ್ಯದ ತಂಡವೋ ಎಂದುಕೊಂಡು ಮರಳಿ ಹೋಗುವ ಅಪಾಯವಿದೆ. ಅದು ದೊಡ್ಡ ನಷ್ಟ.

ಬ್ಲೂಸ್ ಮಾತ್ರ ಸಾಕೆನ್ನುವವರಿಗೆ

ತಂಡ ಆರ್‌ಸಿಎ ಎಂಬ ಧ್ವನಿಮುದ್ರಣ ಸಂಸ್ಥೆಗೆ ಹೋದ ಮೇಲೆ, 1994ರಲ್ಲಿ ಹಳೆಯ ಸಂಸ್ಥೆ ವಾರ್ನರ್ ಹೊರತಂದ ‘ಒನ್ ಫುಟ್ ಇನ್ ದ ಬ್ಲೂಸ್’ ಹದಿನೇಳು ಹಾಡುಗಳದ್ದು. ಇದರಲ್ಲಿ ಜನಪ್ರಿಯ ಹಾಡು ಎನ್ನಬಹುದಾದದ್ದು ಹೆಚ್ಚೆಂದರೆ ಒಂದು. ಉಳಿದವೆಲ್ಲ ಆಲ್ಬಂಗಳ ಒಳಮನೆಯಲ್ಲಿ ಕುಳಿತಿದ್ದ ಬ್ಲೂಸ್. ಯಂತ್ರದ ಯುಗದ ‘ಎಲಿಮಿನೇಟರ್’ನಿಂದಲೂ ‘ಐ ನೀಡ್ ಯು ಟುನೈಟ್’ ಎಂಬ ದೀರ್ಘ ಹಾಡನ್ನು ಹೆಕ್ಕಿ ತಂದಿದ್ದಾರೆ. ಎರಡು ಮುಖಗಳ ಕೆಳಗೆ ಹರಿಯುವ ನೀರು ಒಂದೇ ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಆದರೆ ಇದು ಎರಡನೆಯ ಸಂಕಲನವಾಗಿ ಒಳ್ಳೆಯದು, ಮೊದಲನೆಯದಾಗಿ ಅಲ್ಲ.

ಎರಡೂ ಬೇಕೆಂದರೆ: 2004ರ ಜೋಡಿ ಸಿಡಿ

‘ರಾಂಚೊ ಟೆಕ್ಸಿಕಾನೊ’ ಎಂಬ ಈ ಸಂಕಲನದಲ್ಲಿ 38 ಹಾಡುಗಳಿವೆ. ಹಳೆಯ ಹಾಡುಗಳು ಮೂಲ ಮಿಕ್ಸ್‌ನಲ್ಲಿವೆ, ಸಾಲೂ ಬಹುಪಾಲು ಕಾಲಕ್ರಮದಲ್ಲಿದೆ. ‘ಫ್ರಾನ್ಸೀನ್’, ‘ಜಸ್ಟ್ ಗಾಟ್ ಪೇಯ್ಡ್’ ಮುಂತಾದ ಆರಂಭದ ಹಾಡುಗಳಿಂದ ಹಿಡಿದು ವಾರ್ನರ್ ಕಾಲದ ಕೊನೆಯವರೆಗೆ ಕೇಳುತ್ತ ಹೋದರೆ ಮಾರ್ಪಾಡು ಹಂತಹಂತವಾಗಿ ಅರಿವಿಗೆ ಬರುತ್ತದೆ. ನನ್ನ ಗಮನ ಸೆಳೆಯುವುದು ನಡುವಿನ ಘಟ್ಟ, 1979ರ ‘ದೆಗ್ವೆಯೊ’ ಆಲ್ಬಂನ ಹಾಡುಗಳು. ಸಿಂಥಸೈಜರ್‌ನ ಮಳೆ ಇನ್ನೂ ಸುರಿದಿಲ್ಲ, ಆದರೆ ಗಾಳಿ ಬದಲಾಗಿದೆ. ‘ಚೀಪ್ ಸನ್‌ಗ್ಲಾಸಸ್’ನ ನಡೆ ಎಷ್ಟು ಸಡಿಲ, ಎಷ್ಟು ಖಚಿತ! ಎರಡು ದಶಕಗಳ ನಡುವಿನ ಈ ಕೊಂಡಿಯನ್ನು 1977ರ ಸಂಕಲನ ಕೊಡಲಾರದು, 1992ರದ್ದು ಬಿಡಿಯಾಗಿ ಮಾತ್ರ ಕೊಡುತ್ತದೆ.

ಕೊರತೆ ಇಲ್ಲೂ ಇದೆ. ಕೊನೆಯ ಕೆಲವು ಹಾಡುಗಳು ನೃತ್ಯಕ್ಕಾಗಿ ಹಿಗ್ಗಿಸಿದ ಆವೃತ್ತಿಗಳು. ಅವನ್ನು ಬಿಟ್ಟರೂ ನಷ್ಟವಿಲ್ಲ. 1992ರ ನಂತರದ ಕೆಲಸ ಇದರಲ್ಲಿ ಸೇರಿಲ್ಲ. ಇಷ್ಟಾದರೂ ಒಂದೇ ಒಂದು ಕೊಳ್ಳುತ್ತೇನೆ, ಮತ್ತೆ ಯೋಚಿಸುವುದಿಲ್ಲ ಎನ್ನುವವರಿಗೆ ನಾನು ಹೇಳುವುದು ಇದನ್ನೇ.

ಇದರ ಹಿರಿಯಣ್ಣ 2003ರ ‘ಕ್ರೋಮ್, ಸ್ಮೋಕ್ ಅಂಡ್ ಬಿಬಿಕ್ಯೂ’. ನಾಲ್ಕು ಸಿಡಿ, 80 ಹಾಡು. ಗಿಬ್ಬನ್ಸ್ ಹದಿಹರೆಯದಲ್ಲಿ ಕಟ್ಟಿದ ‘ಮೂವಿಂಗ್ ಸೈಡ್‌ವಾಕ್ಸ್’ ತಂಡದ ಹಾಡುಗಳೂ ಇದರಲ್ಲಿವೆ. ಆ ತಂಡ 1968ರಲ್ಲಿ ಹೆಸರಾಂತ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ಗೆ ಮೊದಲು ವೇದಿಕೆ ಏರುತ್ತಿತ್ತು. ಸಂಗ್ರಾಹಕರಿಗೆ ಸಂಭ್ರಮ, ಉಳಿದವರಿಗೆ ಅತಿಯಾದ ಊಟ. 2019ರ ‘ಗೋಯಿನ್ 50’ ಆರ್‌ಸಿಎ ಕಾಲದ ಹಾಡುಗಳನ್ನೂ ಒಳಗೊಂಡ ಸಮಗ್ರ ನೋಟ. ವಿಸ್ತಾರ ಮುಖ್ಯ ಎನ್ನುವವರಿಗೆ ಒಳ್ಳೆಯದು, ಆದರೆ ದ್ವಿತೀಯಾರ್ಧದಲ್ಲಿ ಹಾಡುಗಳ ಕಸುವು ಮೊದಲರ್ಧದಷ್ಟಿಲ್ಲ.

ಸಂಕಲನವೇ ಬೇಕೆ?

ಈ ಪ್ರಶ್ನೆಯನ್ನೂ ಕೇಳಿಕೊಳ್ಳುವುದು ಒಳ್ಳೆಯದು. 1973ರ ‘ಟ್ರೆಸ್ ಓಂಬ್ರೆಸ್’ ಮತ್ತು 1983ರ ‘ಎಲಿಮಿನೇಟರ್’ ಎರಡನ್ನು ಮಾತ್ರ ಕೊಂಡರೆ ತಂಡದ ಎರಡೂ ಶಿಖರಗಳು ನಿಮ್ಮ ಕೈಯಲ್ಲಿರುತ್ತವೆ. ಬಸ್ಸು, ಶಿಕಾಗೊ, ಲಾ ಗ್ರೇಂಜ್ ಮೂರೂ ಮೊದಲನೆಯದರಲ್ಲೇ ಇವೆ. ತಪ್ಪಿಹೋಗುವ ದೊಡ್ಡ ಹಾಡುಗಳೆಂದರೆ ‘ಟುಶ್’, ‘ಬ್ಲೂ ಜೀನ್ ಬ್ಲೂಸ್’, ‘ಚೀಪ್ ಸನ್‌ಗ್ಲಾಸಸ್’. ಇಡೀ ಆಲ್ಬಂ ಕೂತು ಕೇಳುವ ತಾಳ್ಮೆ ಇದ್ದವರಿಗೆ ಈ ದಾರಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಎಲ್‌ಪಿ ಸಂಗ್ರಹಿಸುವವರಿಗಂತೂ ‘ಟ್ರೆಸ್ ಓಂಬ್ರೆಸ್’ ಕೊಳ್ಳಲು ಇನ್ನೊಂದು ಕಾರಣವಿದೆ: ಹೊದಿಕೆಯ ಮಡಿಕೆ ಬಿಚ್ಚಿದರೆ ಎರಡೂ ಪುಟಗಳ ಅಗಲಕ್ಕೆ ಮೆಕ್ಸಿಕನ್ ಊಟದ ಚಿತ್ರ. ಚೀಸ್ ಸುರಿದ ತಟ್ಟೆಗಳು, ಸಾರು, ಮೆಣಸು, ಬಿಯರ್. ಆ ಗಡಿನಾಡಿನ ರುಚಿಯೇ ಹಾಡುಗಳಲ್ಲೂ ಇದೆ. ಮೊಬೈಲ್ ಪರದೆಯ ಬೆರಳಗಲದ ಚಿತ್ರದಲ್ಲಿ ಇದು ಸಿಗುವುದಿಲ್ಲ.

2013ರಲ್ಲಿ ಬಂದ ಹತ್ತು ಸಿಡಿಗಳ ಪೆಟ್ಟಿಗೆಯಲ್ಲಿ 1990ರವರೆಗಿನ ಎಲ್ಲ ಸ್ಟುಡಿಯೊ ಆಲ್ಬಂಗಳೂ ಇವೆ, ಮೂಲ ಮಿಕ್ಸ್‌ನಲ್ಲಿ. ಒಮ್ಮೆಗೆ ಹೆಚ್ಚು ಹಣ ಹೋದರೂ ತಲಾ ಆಲ್ಬಂನ ಲೆಕ್ಕದಲ್ಲಿ ಇದೇ ಅಗ್ಗ.

ಯಾರಿಗೆ ಯಾವುದು

ತಿಂಗಳ ಚಂದಾ ಕಟ್ಟಿ ಮೊಬೈಲ್‌ನಲ್ಲಿ ಕೇಳುವ ವಿದ್ಯಾರ್ಥಿಗಳಿಗೆ ಹೊಸ ಖರ್ಚೇ ಇಲ್ಲ. 1977ರ ಸಂಕಲನದ ಹತ್ತು ಹಾಡುಗಳನ್ನು ಅದೇ ಸಾಲಿನಲ್ಲಿ ಜೋಡಿಸಿಕೊಂಡು ಕೇಳಿ. ಕಲಸಿ ನುಡಿಸುವ ಗುಂಡಿ ಆರಿಸಿಡಿ, ಹಾಡುಗಳ ನಡುವೆ ಅಂತರ ಬಿಡದ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಹಾಕಿಕೊಳ್ಳಿ. ಇಲ್ಲವಾದರೆ ಬಸ್ಸಿನ ಹಾಡಿಗೂ ಶಿಕಾಗೊ ಹಾಡಿಗೂ ನಡುವೆ ಬಿರುಕು ಬೀಳುತ್ತದೆ.

ಗಿಟಾರ್ ಕಲಿಯುವವರು ಮೂಲ ಮಿಕ್ಸ್ ಬಿಟ್ಟು ಬೇರೆಯದನ್ನು ಮುಟ್ಟಬೇಡಿ. ಪ್ರತಿಧ್ವನಿಯ ರಾಶಿಯಲ್ಲಿ ಬಲಗೈಯ ಕೆಲಸ ಕೇಳಿಸುವುದಿಲ್ಲ. ಸ್ಲೈಡ್ (ಬೆರಳಿಗೆ ಕೊಳವೆ ತೊಟ್ಟು ತಂತಿಯ ಮೇಲೆ ಜಾರಿಸುವುದು) ಕಲಿಯಲು ‘ಜಸ್ಟ್ ಗಾಟ್ ಪೇಯ್ಡ್’, ಸ್ವರವನ್ನು ಹಿಡಿದು ನಿಲ್ಲಿಸಲು ‘ಬ್ಲೂ ಜೀನ್ ಬ್ಲೂಸ್’, ತಾಳಕ್ಕೆ ‘ಲಾ ಗ್ರೇಂಜ್’. ‘ಲಾ ಗ್ರೇಂಜ್’ನ ನಡುವೆ ಶ್ರುತಿ ಎ ಯಿಂದ ಸಿ ಗೆ ಏರುವುದನ್ನು ಗುರುತು ಹಾಕಿಕೊಳ್ಳಿ.

80ರ ದಶಕದ ವಿಡಿಯೊಗಳ ನೆನಪಿರುವ ಅಣ್ಣನಿಗೋ ಮಾವನಿಗೋ ಉಡುಗೊರೆ ಕೊಡಬೇಕಿದ್ದರೆ 1992ರದ್ದೇ ಸರಿ. ಅವರಿಗೆ ಗೊತ್ತಿರುವ ಹಾಡುಗಳು ಅಲ್ಲೇ ಇವೆ, ಸಂತೋಷಕ್ಕೆ ಅದೇ ಸಾಕು.

ಈಗಾಗಲೇ ಎಲ್ಲವನ್ನೂ ಕೇಳಿ ಮುಗಿಸಿದವರು 2022ರ ‘ರಾ’ ತೆಗೆದುಕೊಳ್ಳಿ. ತಂಡದ ಕುರಿತ ಸಾಕ್ಷ್ಯಚಿತ್ರಕ್ಕಾಗಿ ಟೆಕ್ಸಾಸ್‌ನ ಗ್ರೀನ್ ಹಾಲ್‌ನಲ್ಲಿ, 1878ರಲ್ಲಿ ಕಟ್ಟಿದ ಮರದ ನೃತ್ಯಮಂದಿರದಲ್ಲಿ, ಮೂವರೇ ಕುಳಿತು ನುಡಿಸಿದ್ದು. ‘ಗಿಮ್ಮಿ ಆಲ್ ಯುವರ್ ಲವಿನ್’ ಇಲ್ಲಿ ಯಂತ್ರಗಳ ಹಂಗಿಲ್ಲದೆ, 1973ರಲ್ಲೇ ಬರೆದ ಹಾಡಿನಂತೆ ಕೇಳಿಸುತ್ತದೆ. ಹೊಸಬರು ಇದರಿಂದ ಶುರು ಮಾಡಬಾರದು. ಮೊದಲ ರೂಪ ಗೊತ್ತಿದ್ದರೆ ಮಾತ್ರ ಇದರಲ್ಲಿ ಏನನ್ನು ಕಳಚಿದ್ದಾರೆ ಎಂಬುದು ಕಿವಿಗೆ ಬೀಳುತ್ತದೆ.